ಶಾವೋಲಿನ್, ವುಡಾಂಗ್ ಕಥೆಗಳಲ್ಲಿ ನಿಜ ಎಷ್ಟು? ಗ್ಯಾದರಿಂಗ್‌ಗೆ ಎರಡು ಮಾತು ಬೇಕು

ವುಶು_ಹುಡುಗ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ವಿದ್ಯಾನಗರದ ಕಡೆ ಒಂದು ಕ್ಲಾಸಿನಲ್ಲಿ ವುಶು, ಅಂದರೆ ಚೀನಾದ ಸಮರಕಲೆ ಕಲಿಯುತ್ತಿದ್ದೇನೆ. ಕಾಲೇಜಿನ ಗ್ಯಾದರಿಂಗ್‌ನಲ್ಲಿ ನಮ್ಮ ತಂಡದ ಪ್ರದರ್ಶನ ಇದೆ. ಶುರುವಾಗುವ ಮೊದಲು ಮೈಕ್ ಹಿಡಿದು ಈ ವಿದ್ಯೆ ಎಲ್ಲಿಂದ ಬಂತು ಅಂತ ಎರಡು ನಿಮಿಷ ಹೇಳುವ ಕೆಲಸ ನನ್ನ ತಲೆಗೆ ಬಿದ್ದಿದೆ.

ಕ್ಲಾಸಿನಲ್ಲಿ ಕೇಳಿದ್ದು ಇಷ್ಟು. ಬೋಧಿಧರ್ಮ ಶಾವೋಲಿನ್ ಮಠಕ್ಕೆ ಹೋದರು, ಕೂತು ಕೂತು ಸೊರಗಿದ್ದ ಭಿಕ್ಷುಗಳಿಗೆ ವ್ಯಾಯಾಮ ಕಲಿಸಿದರು, ಅದೇ ಕುಂಗ್‌ಫೂ ಆಯಿತು. ಆಮೇಲೆ ವುಡಾಂಗ್ ಬೆಟ್ಟದಲ್ಲಿ ಝಾಂಗ್ ಸಾನ್‌ಫೆಂಗ್ ಅಂತ ಒಬ್ಬ ದಾವೋ (ಚೀನಾದ ಹಳೆಯ ಮತ) ಸನ್ಯಾಸಿ ಹಾವು ಮತ್ತು ಹಕ್ಕಿಯ ಕಾದಾಟ ನೋಡಿ ತಾಯ್‌ಚಿ ಅನ್ನುವ ಮೆತ್ತನೆಯ ವರಸೆ ಕಂಡುಹಿಡಿದರು.

ಇದನ್ನೇ ಬರೆದುಕೊಂಡು ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ನಮ್ಮ ಅಜ್ಜ ವಯಸ್ಸಿನಲ್ಲಿದ್ದಾಗ ಗರಡಿಯಲ್ಲಿ ಸಾಮು ತೆಗೆದವರು. ಕೇಳಿಸಿಕೊಂಡು ಒಂದೇ ಮಾತು ಅಂದರು: "ಎಲ್ಲಾ ಬಿಟ್ಟ ಸನ್ಯಾಸಿಗೆ ಬಡಿದಾಟ ಯಾಕ ಬೇಕಾತೋ ತಮ್ಮಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಕಥೆಗಳಲ್ಲಿ ನಿಜ ಎಷ್ಟು? ದಾವೋ ಮತಕ್ಕೂ ಹೊಡೆದಾಟಕ್ಕೂ ನಿಜವಾಗಿ ಏನು ಸಂಬಂಧ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕೇಶ್ವಾಪುರ_ಬಾಯ್ಸ್

ಇದರಲ್ಲಿ ಕೇಳೋದೇನಿದೆ ಬ್ರದರ್? ಬೋಧಿಧರ್ಮ ನಮ್ಮ ಕಡೆಯವರು, ಕಂಚಿಯ ರಾಜಕುಮಾರ. ಚೀನಾದವರಿಗೆ ಕೈಕಾಲು ಎತ್ತೋದು ಕಲಿಸಿದ್ದೇ ನಾವು. ಮೈಕ್‌ನಲ್ಲಿ ಅದನ್ನೇ ಹೇಳು, ಚಪ್ಪಾಳೆ ಜೋರಾಗಿ ಬೀಳುತ್ತೆ.

ಅಚ್ಚುಮೊಳೆ, ಗದಗ

ಚಪ್ಪಾಳೆ ಬೀಳುತ್ತೆ ಸರಿ. ಆದರೆ ಅಜ್ಜಾರ ಪ್ರಶ್ನೆ ಹಾಗೇ ಉಳಿಯುತ್ತೆ ಅಲ್ವಾ?

ತಮ್ಮಾ, ನಾನು ಗದಗಿನಲ್ಲಿ ಪ್ರೆಸ್ ನಡೆಸುವವನು. ಮೊಳೆ ಜೋಡಿಸುವ ಕಾಲದಿಂದ ಈ ಕೆಲಸದಲ್ಲಿದ್ದೇನೆ. ಜಾತ್ರೆ ಪುಸ್ತಕ, ಸ್ಥಳಪುರಾಣ, ಅಭಿನಂದನ ಗ್ರಂಥ ಅಂತ ಅಚ್ಚು ಹಾಕಿ ಹಾಕಿ ಒಂದು ಚಟ ಹತ್ತಿದೆ. ಯಾವ ಪುಸ್ತಕ ಕೈಗೆ ಬಂದರೂ ಮೊದಲು ಮುನ್ನುಡಿಯ ಕೆಳಗಿನ ತಾರೀಕು, ಸಹಿ ನೋಡುತ್ತೇನೆ. ಚೀನಾದ ಸಮರಕಲೆಯ ಇತಿಹಾಸ ಓದಲು ಹಿಡಿದಾಗಲೂ ಈ ಚಟವೇ ಕೆಲಸಕ್ಕೆ ಬಂತು.

ಮೊದಲು ಅಜ್ಜಾರಿಗೆ ಉತ್ತರ. ಸನ್ಯಾಸಿಗಳಿಗೆ ಬಡಿದಾಟ ಬೇಕಾಗಿದ್ದು ಹೊಲಕ್ಕಾಗಿ. ಶಾವೋಲಿನ್ ಮಠ ಹೆನಾನ್ ಪ್ರಾಂತ್ಯದ ಸಾಂಗ್ ಬೆಟ್ಟದಲ್ಲಿದೆ. ಸುಮಾರು 495ರಲ್ಲಿ ಉತ್ತರ ವೇ ವಂಶದ ದೊರೆ ಅದನ್ನು ಕಟ್ಟಿಸಿದ್ದು ಬಾತುವೋ ಎಂಬ ಭಾರತದ ಭಿಕ್ಷುವಿಗೆ. ಬೋಧಿಧರ್ಮ ಆ ಕಡೆ ಬಂದದ್ದು ಆಮೇಲೆ. ಮುಂದೆ ಸುಯ್ ದೊರೆಯೊಬ್ಬ ಮಠಕ್ಕೆ ದೊಡ್ಡ ಜಮೀನು ಉಂಬಳಿ ಕೊಟ್ಟ. ಸುಯ್ ರಾಜ್ಯ ಬಿದ್ದು ದಂಗೆ ಎದ್ದಾಗ ವಾಂಗ್ ಶಿಚೊಂಗ್ ಎಂಬ ಸೇನಾಪತಿ ತಾನೇ ದೊರೆ ಅಂದುಕೊಂಡು ಆ ಜಮೀನಿನ ಮೇಲೆ ಕೋಟೆ ಕಟ್ಟಿಸಿದ. ಎದುರು ಪಾಳೆಯದಲ್ಲಿ ಇದ್ದವನು ಲಿ ಶಿಮಿನ್, ಮುಂದೆ ತಾಂಗ್ ವಂಶದ ದೊಡ್ಡ ಚಕ್ರವರ್ತಿಯಾದವನು. 621ರಲ್ಲಿ ಭಿಕ್ಷುಗಳು ಲಿ ಶಿಮಿನ್ ಕಡೆ ಸೇರಿ ವಾಂಗ್‌ನ ಸೋದರನ ಮಗನನ್ನು ಹಿಡಿದುಕೊಟ್ಟರು. ಜಮೀನು ಮಠಕ್ಕೇ ಉಳಿಯಿತು. ಇದೆಲ್ಲ 728ರಲ್ಲಿ ನಿಲ್ಲಿಸಿದ ಕಲ್ಲಿನಲ್ಲಿ ಕೆತ್ತಿದೆ, ಇವತ್ತಿಗೂ ಮಠದ ಅಂಗಳದಲ್ಲಿದೆ. ಹೋರಾಡಿದ 13 ಭಿಕ್ಷುಗಳ ಹೆಸರೂ ಇದೆ. ಒಬ್ಬರಿಗಂತೂ ಮಹಾಸೇನಾಪತಿ ಅಂತ ಪದವಿ! ನಮ್ಮ ಲಕ್ಕುಂಡಿ, ಲಕ್ಷ್ಮೇಶ್ವರದ ದತ್ತಿ ಶಾಸನ ಓದಿದವರಿಗೆ ಇಂಥ ಬರಹದ ಧಾಟಿ ಹೊಸದೇನಲ್ಲ. ಆ ಕಲ್ಲಿನಲ್ಲಿ ಬೋಧಿಧರ್ಮರ ವ್ಯಾಯಾಮದ ಸುದ್ದಿ ಇಲ್ಲ, ಕೈಕಾಲಿನ ಪಟ್ಟುಗಳ ಸುದ್ದಿಯೂ ಇಲ್ಲ.

ಈಗ ಬೋಧಿಧರ್ಮ. ಅವರ ಬಗ್ಗೆ ಸಿಗುವ ಅತಿ ಹಳೆಯ ಬರಹ 547ರ ಸುಮಾರಿನದು, ಲೋಯಾಂಗ್ ಊರಿನ ಬೌದ್ಧ ಮಠಗಳ ವರ್ಣನೆ. ಅದರಲ್ಲಿ ಅವರು ಪರ್ಷಿಯಾ ಕಡೆಯಿಂದ ಬಂದ, ತನಗೆ 150 ವರ್ಷ ಅನ್ನುವ ಮುದುಕ. ಯೋಂಗ್‌ನಿಂಗ್ ಮಠದ ಎತ್ತರದ ಗೋಪುರ ನೋಡಿ ಬೆರಗಾಗಿ ದಿನಗಟ್ಟಲೆ ಕೈಮುಗಿದು ನಿಂತರಂತೆ. ದಕ್ಷಿಣ ಭಾರತದ ರಾಜನ ಮೂರನೇ ಮಗ ಅನ್ನುವುದು ತಾನ್‌ಲಿನ್ ಎಂಬ ಶಿಷ್ಯನ ಬರಹದಲ್ಲಿದೆ. ಹಾಗಾಗಿ ಕೇಶ್ವಾಪುರದವರ ಅರ್ಧ ಮಾತಿಗೆ ಹಳೆಯ ಆಧಾರ ಉಂಟು. ಆದರೆ ಎರಡರಲ್ಲೂ ಒಂದು ಏಟು, ಒಂದು ಒದೆ ಇಲ್ಲ.

ಏಟು ಬಂದದ್ದು ಸಾವಿರ ವರ್ಷ ಆದಮೇಲೆ. ಇಲ್ಲಿ ನನ್ನ ಮುನ್ನುಡಿ ಚಟ ಶುರು. ಯಿಜಿನ್ ಜಿಂಗ್ ಅಂತ ಒಂದು ಪುಸ್ತಕ, ಸ್ನಾಯುಗಳನ್ನು ಗಟ್ಟಿ ಮಾಡುವ ಅಭ್ಯಾಸದ ಬಗ್ಗೆ. ಬೋಧಿಧರ್ಮರೇ ಶಾವೋಲಿನ್‌ನಲ್ಲಿ ಬಿಟ್ಟು ಹೋದದ್ದು ಅಂತ ಅದೇ ಹೇಳಿಕೊಳ್ಳುತ್ತೆ. ಎರಡು ಮುನ್ನುಡಿ ಇವೆ. ಒಂದಕ್ಕೆ 628ನೇ ಇಸವಿ, ತಾಂಗ್ ಸೇನಾಪತಿ ಲಿ ಜಿಂಗ್ ಸಹಿ. ಪುಸ್ತಕ ತನಗೆ ಸಿಕ್ಕಿದ್ದು ಗುಂಗುರು ಗಡ್ಡದ ಒಬ್ಬ ವೀರನಿಂದ ಅಂತಾನೆ. ಆ ಗಡ್ಡದವನು ಬರೀ ಕಥೆಯ ಪಾತ್ರ! ಎರಡನೆಯದಕ್ಕೆ 1142, ಸಾಂಗ್ ವಂಶದ ಕಾಲದ ನಿಯು ಗಾವ್ ಸಹಿ. ಈತ "ನಾನು ಸಿಪಾಯಿ, ನನಗೆ ಒಂದಕ್ಷರವೂ ಬರಲ್ಲ" ಅಂತ ಮುನ್ನುಡಿಯಲ್ಲೇ ಬರೆದುಕೊಂಡಿದ್ದಾನೆ. ಇಂಥ ಹಸ್ತಪ್ರತಿ ನಮ್ಮ ಪ್ರೆಸ್ಸಿಗೆ ಬಂದರೆ ಮೊದಲು ಚಹಾ ಕೊಡಿಸಿ, ಆಮೇಲೆ ಅಡ್ವಾನ್ಸ್ ಪೂರ್ತಿ ತಗೊಂಡೇ ಕೆಲಸ ಹಿಡೀತಿದ್ದೆ. ನಿಜವಾದ ತಾರೀಕು 1624. ಬರೆದವನು ತಿಯಾಂತಾಯ್ ಬೆಟ್ಟದ ಕಡೆಯ ಒಬ್ಬ ದಾವೋ ಸಾಧಕ ಅಂತ ಇತಿಹಾಸಕಾರರ ಲೆಕ್ಕ. ಬೌದ್ಧ ಗುರುವಿನ ಹೆಸರಿನಲ್ಲಿ ದಾವೋ ಸಾಧಕನ ಪುಸ್ತಕ! ಟಾಂಗ್ ಹಾವ್ ಎಂಬ ಚೀನೀ ಸಂಶೋಧಕ 1930ರಲ್ಲೇ ಈ ಬೋಧಿಧರ್ಮ, ಝಾಂಗ್ ಸಾನ್‌ಫೆಂಗ್ ಕಥೆಗಳನ್ನು ಒರೆಗೆ ಹಚ್ಚಿ ಬಿಡಿಸಿ ಇಟ್ಟಿದ್ದಾನೆ.

ಶಾವೋಲಿನ್ ಭಿಕ್ಷುಗಳ ನಿಜವಾದ ಹೆಸರು ದೊಣ್ಣೆಯಲ್ಲಿ. ಅಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಕಲಿತ ಚೆಂಗ್ ಝೊಂಗ್ಯೂ 17ನೇ ಶತಮಾನದ ಶುರುವಿನಲ್ಲಿ ದೊಣ್ಣೆವರಸೆಯ ಪುಸ್ತಕ ಬರೆದ. ಆ ವಿದ್ಯೆ ಕೊಟ್ಟವರು ಯಾರು ಅಂದರೆ ಅವನು ಬೋಧಿಧರ್ಮ ಅನ್ನಲ್ಲ. ಯುವಾನ್ ಕಾಲದ ಕೊನೆಗೆ ದಂಗೆಕೋರರು ಮಠಕ್ಕೆ ನುಗ್ಗಿದಾಗ ಅಡುಗೆಮನೆಯ ಆಳೊಬ್ಬ ಒಲೆಯ ಕೆಂಡ ಕೆದಕುವ ಕೋಲು ಹಿಡಿದು ಹೊರಬಂದ, ಬೆಟ್ಟದಷ್ಟು ಬೆಳೆದು ನಿಂತ, ಅವರು ಓಡಿಹೋದರು, ನೋಡಿದರೆ ಅವನು ಕಿನ್ನರ ರಾಜ ಅಂತ ಕಥೆ. ಬರಿಗೈ ಕಾಳಗದ ಬಗ್ಗೆಯೂ ಅವನೇ ಒಂದು ಮಾತು ಹೇಳುತ್ತಾನೆ. ದೊಣ್ಣೆಯ ಹೆಸರು ಆಗಲೇ ಎಲ್ಲ ಕಡೆ ಹಬ್ಬಿದೆ, ಬರಿಗೈದು ಇನ್ನೂ ಅಷ್ಟಾಗಿ ಹಬ್ಬಿಲ್ಲ, ಅದಕ್ಕೇ ಕೆಲವು ಭಿಕ್ಷುಗಳು ಈಗ ಅದರ ಹಿಂದೆ ಬಿದ್ದಿದ್ದಾರೆ ಅಂತ. ನೀವು ಸಿನಿಮಾದಲ್ಲಿ ನೋಡುವ ಶಾವೋಲಿನ್ ಮುಷ್ಟಿ ಬೆಳೆದದ್ದು ಆ ಕಾಲದಲ್ಲಿ.

ದಾವೋ ವಿಷಯ ರಾತ್ರಿ ಬರೀತೀನಿ. ಲಗ್ನಪತ್ರಿಕೆ ಗಿರಾಕಿ ಬಾಗಿಲಲ್ಲಿ ನಿಂತಿದ್ದಾರೆ.

ರಾಣೇಬೆನ್ನೂರು_ಪೈಲ್ವಾನ

ಅಡುಗೆಮನೆ ಕೋಲಿನ ಕಥೆ ಭಾರಿ ಐತಿ ಸರ. ನಮ್ಮ ಗರಡಿಯಲ್ಲಿ ಹನುಮಪ್ಪನ ಫೋಟೋಗೆ ಕೈಮುಗಿದೇ ಮಣ್ಣಿಗೆ ಇಳಿಯುತ್ತೇವೆ. ಆದರೆ ಧೋಬಿ ಪಟ್ಟು ಹನುಮಪ್ಪ ಕಂಡುಹಿಡಿದ ಅಂತ ಯಾವ ವಸ್ತಾದರೂ ಹೇಳಿಲ್ಲ. ಅಲ್ಲೂ ಹಾಗೇ ಇರಬೇಕು. ದೇವರು ಮೊದಲು ಬಂದ, ಆಮೇಲೆ ಅವನ ಹೆಸರಿಗೆ ಪಟ್ಟು ಬಂದವು.

ಇನ್ನೊಂದು. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದ ಮಾನಸೋಲ್ಲಾಸದಲ್ಲಿ ಜಟ್ಟಿಗಳ ಕುಸ್ತಿಗೆ ಒಂದು ಭಾಗವನ್ನೇ ಇಟ್ಟಿದ್ದಾನೆ. ಯಾರಿಗೆ ಎಂಥ ಊಟ, ಎಂಥ ತಾಲೀಮು ಅಂತೆಲ್ಲ ಇದೆ. ಅದು ಬರೋದು ರಾಜನ ವಿನೋದದ ಲೆಕ್ಕದಲ್ಲಿ, ಮೋಕ್ಷದ ಲೆಕ್ಕದಲ್ಲಿ ಅಲ್ಲ.

ಸಾಧನಕೇರಿ_ಅಕ್ಕ, ಧಾರವಾಡ

ಗದಗಿನ ಅಣ್ಣಾರೇ, ಓದಿ ಖುಷಿಯಾಯಿತು. ಆದರೆ ಒಂದು ತಕರಾರು ಇದೆ. ನಾನು ಯೋಗ ಕಲಿಸುವವಳು, ಬೆಂಗಳೂರಿನಲ್ಲಿದ್ದಾಗ ತಾಯ್‌ಚಿಯನ್ನೂ ಕಲಿತೆ. ಹೊಕ್ಕುಳ ಕೆಳಗೆ ಗಮನ ಇಟ್ಟು ಉಸಿರು ಇಳಿಸೋದು, ಭುಜ ಸಡಿಲ ಬಿಡೋದು, ಎದುರಿನವರು ತಳ್ಳಿದಾಗ ಎದುರು ತಳ್ಳದೆ ಜಾಗ ಕೊಟ್ಟು ಅವರನ್ನೇ ಮುಗ್ಗರಿಸುವಂತೆ ಮಾಡೋದು. ಇದು ಸಿಪಾಯಿಗಳ ಕವಾಯತಿನಿಂದ ಬಂತು ಅಂದರೆ ನಂಬೋದು ಕಷ್ಟ. ಮುನ್ನುಡಿ ಸುಳ್ಳಾದ ಮಾತ್ರಕ್ಕೆ ಒಳಗಿನ ಅಭ್ಯಾಸ ಸುಳ್ಳಾಗುತ್ತಾ? ಹಳ್ಳಿಯಲ್ಲಿ ಬಾಯಿಂದ ಬಾಯಿಗೆ ಬಂದ ವಿದ್ಯೆಗೆ ತಾರೀಕು ಹಾಕಿದ ಕಾಗದ ಎಲ್ಲಿಂದ ಬರಬೇಕು?

ಅಚ್ಚುಮೊಳೆ, ಗದಗ

ಅಕ್ಕಾರೇ, ನಿಮ್ಮ ಅಭ್ಯಾಸ ಸುಳ್ಳಲ್ಲ. ಆ ಉಸಿರು ದಾವೋ ಸಾಧಕರ ಕಡೆಯಿಂದಲೇ ಬಂದದ್ದು. ನನ್ನ ಮಾತು ಇಷ್ಟೇ: ಉಸಿರು ಬೇರೆ ಮನೆಯಲ್ಲಿ ಬೆಳೀತು, ಹೊಡೆತ ಬೇರೆ ಮನೆಯಲ್ಲಿ. ಎರಡರ ಲಗ್ನ ಆದದ್ದು ತಡವಾಗಿ.

ಎರಡು ಸಾಕ್ಷಿ ಕೊಡ್ತೀನಿ. ಹಾನ್ ಕಾಲದ ಅರಮನೆ ಪುಸ್ತಕಗಳ ಪಟ್ಟಿ ಒಂದಿದೆ, 1ನೇ ಶತಮಾನದ ಬಾನ್ ಗು ಬರೆದ ಇತಿಹಾಸದೊಳಗೆ. ಅದರಲ್ಲಿ ಕೈಕಾಳಗದ ಮೇಲೆ 6 ಅಧ್ಯಾಯದ ಒಂದು ಪುಸ್ತಕದ ಹೆಸರು ಬರುತ್ತೆ. ಯಾವ ಕಪಾಟಿನಲ್ಲಿ ಗೊತ್ತಾ? ಸೈನ್ಯದ ಕಪಾಟಿನಲ್ಲಿ, ಬಿಲ್ಲುವಿದ್ಯೆಯ ಪಕ್ಕ. ಕಾಲ್ಚೆಂಡಾಟದ ಪುಸ್ತಕವೂ ಅಲ್ಲೇ ಇದೆ, ಅದೂ ಸಿಪಾಯಿಗಳ ತಾಲೀಮು ಅಂತ. ಮೈ ಚಾಚುವ, ಉಸಿರಾಡುವ ಪುಸ್ತಕಗಳು ದೂರದಲ್ಲಿ, ಚಿರಂಜೀವಿಯಾಗುವ ವಿದ್ಯೆಗಳ ಕಪಾಟಿನಲ್ಲಿ. ಪುಸ್ತಕ ಎಲ್ಲ ಈಗ ಕಳೆದುಹೋಗಿವೆ. ಪಟ್ಟಿ ಉಳಿದಿದೆ.

ಎರಡನೆಯದು ಕಣ್ಣಾರೆ ನೋಡುವಂಥದ್ದು. ಚಾಂಗ್‌ಶಾ ಊರಿನ ಹತ್ತಿರ ಮಾವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿಯನ್ನು 1973ರಲ್ಲಿ ಅಗೆದರು. ಒಳಗೆ ರೇಷ್ಮೆಯ ಮೇಲೆ ಬಣ್ಣದಲ್ಲಿ ಬರೆದ 44 ಜನರ ಚಿತ್ರ. ಗಂಡಸರು, ಹೆಂಗಸರು ಇಬ್ಬರೂ ಇದ್ದಾರೆ. ಕೆಲವರು ಪೂರಾ ಬಟ್ಟೆ ಉಟ್ಟವರು, ಕೆಲವರದು ಬರಿಮೈ. ಒಬ್ಬ ಉದ್ದ ಕೋಲು ಹಿಡಿದು ಬಗ್ಗಿದ್ದಾನೆ. ಒಂದರ ಪಕ್ಕ ಮೊಣಕಾಲು ನೋವಿಗೆ ಅಂತ ಬರೆದಿದೆ, ಇನ್ನೊಂದು ಕರಡಿಯ ಹಾಗೆ ಮಾಡುವ ಚಲನೆ. ನಿಮ್ಮ ಯೋಗ ಕ್ಲಾಸಿನ ಗೋಡೆಗೆ ಹಾಕಿದರೆ ಯಾರೂ ಬೇರೆ ಅನ್ನಲ್ಲ. ಆದರೆ 44 ಜನರಲ್ಲಿ ಒಬ್ಬನಿಗೂ ಎದುರಾಳಿ ಇಲ್ಲ. ಪ್ರತಿಯೊಬ್ಬರೂ ಒಬ್ಬೊಬ್ಬರೇ ನಿಂತಿದ್ದಾರೆ. ಆಮೇಲೆ 3ನೇ ಶತಮಾನದ ಹೊತ್ತಿಗೆ ವೈದ್ಯ ಹುವಾ ತುವೋ ಹುಲಿ, ಜಿಂಕೆ, ಕರಡಿ, ಕೋತಿ, ಹಕ್ಕಿ ಅಂತ ಐದು ಪ್ರಾಣಿಗಳ ಆಟ ಕಟ್ಟಿದ. ಅದೂ ಊಟ ಜೀರ್ಣವಾಗಲಿ, ರೋಗ ಬರದಿರಲಿ ಅಂತ.

ಇತ್ತ ಹೊಡೆತದ ಮನೆಯಲ್ಲಿ ಸಿಪಾಯಿಗಳು, ಊರಿನ ಕಾವಲಿನವರು, ಸಂತೆಯಲ್ಲಿ ಆಟ ತೋರಿಸುವವರು. 16ನೇ ಶತಮಾನದ ಸೇನಾಪತಿ ಚಿ ಜಿಗುವಾಂಗ್ ಝೆಜಿಯಾಂಗ್ ಕರಾವಳಿಯಲ್ಲಿ ಕಡಲ್ಗಳ್ಳರ ಜೊತೆ ಕಾದಿದವನು. ಊರೂರಿನ ವರಸೆಗಳಿಂದ 32 ಭಂಗಿ ಆರಿಸಿ ಚಿತ್ರ ಸಮೇತ ಪುಸ್ತಕದಲ್ಲಿ ಹಾಕಿದ. ಬರಿಗೈ ಕಾಳಗ ದೊಡ್ಡ ಯುದ್ಧಕ್ಕೆ ಅಷ್ಟೇನೂ ಉಪಯೋಗವಿಲ್ಲ, ಆದರೆ ಹೊಸಬರ ಕೈಕಾಲು ಚುರುಕಾಗುತ್ತೆ ಅಂತ ನೇರವಾಗಿ ಹೇಳಿದ. ಇಂಥ ಬರಹಗಾರ ಅಂದರೆ ನನಗೆ ಜೀವ. ತಾಯ್‌ಚಿಯ ಅತಿ ಹಳೆಯ ಶಾಖೆ ಹೆನಾನ್‌ನ ಚೆನ್ ಮನೆತನದ ಹಳ್ಳಿಯದು. ಅವರ ವರಸೆಯಲ್ಲಿ ಚಿ ಜಿಗುವಾಂಗ್‌ನ 32ರಲ್ಲಿ 29 ಭಂಗಿ ಕಾಣುತ್ತವೆ ಅಂತ ಟಾಂಗ್ ಹಾವ್ ತೋರಿಸಿದ್ದಾನೆ. ಹಾಗಾಗಿ ಕವಾಯತಿನಿಂದ ಬಂತು ಅನ್ನುವುದನ್ನು ಪೂರ್ತಿ ತಳ್ಳಿಹಾಕಬೇಡಿ.

ಅದೇ ಹಳ್ಳಿಯ ಚೆನ್ ವಾಂಗ್‌ಟಿಂಗ್ ಅಂತ ಒಬ್ಬ, 17ನೇ ಶತಮಾನದವನು. ಮಿಂಗ್ ರಾಜ್ಯಕ್ಕಾಗಿ ಆಯುಧ ಹಿಡಿದವನು, ರಾಜ್ಯ ಬಿದ್ದಮೇಲೆ ಮನೆಗೆ ಬಂದು ಕೂತ. ಅವನದೆನ್ನುವ ಪದ್ಯದಲ್ಲಿ ಮುದಿತನಕ್ಕೆ ಜೊತೆಗಿರುವುದು ಹುವಾಂಗ್‌ಟಿಂಗ್ ಎಂಬ ದಾವೋ ಗ್ರಂಥ, ಬೇಸರವಾದಾಗ ವರಸೆ ಕಟ್ಟುತ್ತೇನೆ, ಕೆಲಸದ ಹೊತ್ತಿನಲ್ಲಿ ಹೊಲ ಉಳುತ್ತೇನೆ ಅಂತ ಬರುತ್ತೆ. ಅಕ್ಕಾರೇ, ನಿಮ್ಮ ಉಸಿರು ಮತ್ತು ಸಿಪಾಯಿಯ ಮುಷ್ಟಿ ಒಂದೇ ಮನೆಗೆ ಬಂದದ್ದು ಇಲ್ಲಿ. ಮಿಂಗ್ ವಂಶದ ಕೊನೆ, ಚಿಂಗ್ ವಂಶದ ಶುರು. ಇದು ಒಬ್ಬನ ಕೆಲಸವಲ್ಲ, ಆ ಕಾಲದ ಗಾಳಿಯೇ ಹಾಗಿತ್ತು. ಯಿಜಿನ್ ಜಿಂಗ್ ಬಂದದ್ದೂ ಆಗಲೇ. 1774ರಲ್ಲಿ ಶಾಂಡೋಂಗ್‌ನಲ್ಲಿ ದಂಗೆ ಎಬ್ಬಿಸಿದ ವಾಂಗ್ ಲುನ್ ಶಿಷ್ಯರಿಗೆ ವರಸೆ ಮತ್ತು ಉಸಿರಾಟ ಎರಡನ್ನೂ ಕಲಿಸುತ್ತಿದ್ದ. ಮಂತ್ರ ಹೇಳಿದರೆ ಗುಂಡು ತಾಗಲ್ಲ ಅಂತಲೂ ನಂಬಿಸಿದ್ದ. ತಾಗಿತು.

ಬಾಯಿಂದ ಬಾಯಿಗೆ ಬಂದದ್ದಕ್ಕೆ ಕಾಗದ ಎಲ್ಲಿ ಅಂದಿರಲ್ಲ, ಅದು ಸರಿಯಾದ ಮಾತು. ಕಾಗದದಲ್ಲಿ ಬರುವ ಹೊತ್ತಿಗೆ ಅಭ್ಯಾಸ ಒಂದೆರಡು ತಲೆಮಾರು ಹಳೆಯದಾಗಿರುತ್ತೆ. ಅದನ್ನು ಒಪ್ಪಬಹುದು. ಒಂದೆರಡು ಸಾವಿರ ವರ್ಷ ಹಿಂದಕ್ಕೆ ಎಳೆಯುವುದನ್ನು ಒಪ್ಪೋಕಾಗಲ್ಲ.

ವುಶು_ಹುಡುಗ, ಹುಬ್ಬಳ್ಳಿ

ಸರ, ಅಜ್ಜನಿಗೆ ಹೊಲದ ಕಥೆ ಹೇಳಿದೆ. "ಹಂಗಂದ್ರ ಸರಿ, ಹೊಲ ಬಿಡೂದಕ್ಕ ಯಾರ ಕೈಲೂ ಆಗೂದಿಲ್ಲ" ಅಂದರು. ಝಾಂಗ್ ಸಾನ್‌ಫೆಂಗ್ ಒಬ್ಬರು ಉಳಿದರು. ಹಾವು, ಹಕ್ಕಿ ಕಥೆ ಬಿಡಲೇಬೇಕಾ?

ಅಚ್ಚುಮೊಳೆ, ಗದಗ

ಝಾಂಗ್ ಸಾನ್‌ಫೆಂಗ್ ಹೆಸರು ಹೊಡೆದಾಟಕ್ಕೆ ಅಂಟಿಕೊಂಡದ್ದು ಒಂದು ಸಮಾಧಿ ಲೇಖದಿಂದ. 1669ರಲ್ಲಿ ಹುವಾಂಗ್ ಝೊಂಗ್‌ಶಿ ಎಂಬ ದೊಡ್ಡ ಪಂಡಿತ, ತನ್ನ ಮಗನಿಗೆ ವರಸೆ ಕಲಿಸಿದ ವಾಂಗ್ ಝೆಂಗ್‌ನಾನ್ ತೀರಿಕೊಂಡಾಗ ಬರೆದದ್ದು. ಶಾವೋಲಿನ್‌ನದು ಮೇಲೆ ಬಿದ್ದು ಹೊಡೆಯುವ ಹೊರಗಿನ ಪಂಥ, ಇನ್ನೊಂದು ಒಳಗಿನ ಪಂಥ ಇದೆ, ಅದು ನಿಶ್ಚಲವಾಗಿದ್ದು ಚಲನೆಯನ್ನು ಗೆಲ್ಲುತ್ತೆ, ಅದರ ಮೂಲ ವುಡಾಂಗ್‌ನ ಝಾಂಗ್ ಸಾನ್‌ಫೆಂಗ್ ಅಂತ ಅಲ್ಲಿದೆ. ಸಾಂಗ್ ಚಕ್ರವರ್ತಿ ಕರೆಕಳಿಸಿದ, ದಾರಿಯಲ್ಲಿ ತಡೆಯಾಯಿತು, ರಾತ್ರಿ ಕನಸಿನಲ್ಲಿ ಶುವಾನ್‌ವು ದೇವರು ಬಂದು ವರಸೆ ಕಲಿಸಿದ, ಬೆಳಗಾದರೆ ಒಬ್ಬನೇ ನೂರಕ್ಕೂ ಹೆಚ್ಚು ದರೋಡೆಕೋರರನ್ನು ಕೊಂದ. ಹಾವೂ ಇಲ್ಲ, ಹಕ್ಕಿಯೂ ಇಲ್ಲ, ತಾಯ್‌ಚಿ ಅನ್ನುವ ಹೆಸರೂ ಇಲ್ಲ.

ಇದಕ್ಕಿಂತ ಹಿಂದಿನ ಮಿಂಗ್ ಕಾಲದ ಬರಹಗಳಲ್ಲಿ ಝಾಂಗ್ ಒಬ್ಬ ಅಲೆಮಾರಿ ಸಿದ್ಧ. ಚಕ್ರವರ್ತಿ ಯೋಂಗ್ಲೆ ಅವನನ್ನು ಹುಡುಕಲು ಜನ ಕಳಿಸಿದ್ದ, ಸಿಗಲೇ ಇಲ್ಲ. ಅದೇ ಯೋಂಗ್ಲೆ 1412ರಿಂದ ವುಡಾಂಗ್ ಬೆಟ್ಟದ ಮೇಲೆ ಶುವಾನ್‌ವು ದೇವರಿಗೆ ಸಾಲು ಸಾಲು ಗುಡಿ ಕಟ್ಟಿಸಿದ. ಆ ದೇವರು ಕತ್ತಿ ಹಿಡಿದವನು, ಮಿಂಗ್ ಮನೆತನದ ಕಾವಲಿನವನು. ಈಗ ಸಮಾಧಿ ಲೇಖ ಬರೆದ ಪಂಡಿತನ ಕಡೆ ನೋಡು. ಅವನು ಮಿಂಗ್ ಆದಮೇಲೆ ಚಿಂಗ್ ವಂಶವಾಗಿ ಆಳಿದ ಮಂಚೂಗಳ ವಿರುದ್ಧ ಕತ್ತಿ ಹಿಡಿದು ಸೋತವನು, ಅವರ ನೌಕರಿ ಮುಟ್ಟದವನು. ಹೊರಗಿನಿಂದ ಬಂದ ಬೌದ್ಧ ಮಠ ಒಂದು ಕಡೆ, ನಾಡಿನದೇ ಆದ ದಾವೋ ಬೆಟ್ಟ ಇನ್ನೊಂದು ಕಡೆ, ಮೆತ್ತಗಿದ್ದವನೇ ಗೆಲ್ಲುವುದು. ಇದನ್ನು ಸೋತವರ ರಾಜಕೀಯ ಅಂತ ಓದುವ ಇತಿಹಾಸಕಾರರಿದ್ದಾರೆ. ನನಗೂ ಅದೇ ಸರಿ ಅನಿಸುತ್ತೆ.

ತಾಯ್‌ಚಿಯವರು ಝಾಂಗ್‌ನನ್ನು ಮೂಲಪುರುಷ ಮಾಡಿಕೊಂಡದ್ದು 19ನೇ ಶತಮಾನದಲ್ಲಿ, ಚೆನ್ ಹಳ್ಳಿಯಲ್ಲಿ ಕಲಿತ ಯಾಂಗ್ ಲುಚಾನ್ ಬೀಜಿಂಗ್‌ನ ದೊಡ್ಡವರಿಗೆ ಕಲಿಸಲು ಹೋದಮೇಲಿನ ಮಾತು. ಆಮೇಲೆ ಸುನ್ ಲುಟಾಂಗ್ 1915ರಿಂದ ಪುಸ್ತಕ ಮೇಲೆ ಪುಸ್ತಕ ಬರೆದು ವರಸೆಗಳಿಗೂ ದಾವೋ ತತ್ವಕ್ಕೂ ಬಿಗಿಯಾಗಿ ಗಂಟು ಹಾಕಿದ. ಈ ಎರಡು ಪಂಥದ ನಂಬಿಕೆ ಎಷ್ಟು ಬೇರೂರಿತ್ತೆಂದರೆ 1928ರಲ್ಲಿ ನಾನ್‌ಜಿಂಗ್‌ನಲ್ಲಿ ಸರ್ಕಾರಿ ಸಮರಕಲಾ ಸಂಸ್ಥೆ ಶುರುವಾದಾಗ ಶಾವೋಲಿನ್ ವಿಭಾಗ, ವುಡಾಂಗ್ ವಿಭಾಗ ಅಂತಲೇ ಮಾಡಿದರು. ಎರಡೂ ಕಡೆಯ ಮುಖ್ಯಸ್ಥರೇ ಕೈಕೈ ಮಿಲಾಯಿಸಿದರು. ಸ್ವಲ್ಪ ದಿನಕ್ಕೇ ಆ ವಿಂಗಡಣೆ ತೆಗೆದುಹಾಕಿದರು.

ಹಾವು, ಹಕ್ಕಿ ಬಿಡಬೇಡ. "ಹೀಗೊಂದು ಕಥೆ ಹೇಳುತ್ತಾರೆ" ಅಂತ ಶುರು ಮಾಡು, ಇಸವಿ ಮಾತ್ರ ಹಾಕಬೇಡ. ಇಸವಿ ಬೇಕಿದ್ದರೆ 621 ಇಟ್ಟುಕೋ, ಅದು ಕಲ್ಲಿನಲ್ಲಿದೆ. ದಾವೋ ಬಗ್ಗೆ ಒಂದೇ ಸಾಲು ಸಾಕು: ಉಸಿರಿನ ಅಭ್ಯಾಸ ದಾವೋ ಸಾಧಕರದು, ಹೊಡೆತ ಸಿಪಾಯಿ ಮತ್ತು ಹಳ್ಳಿಯವರದು, ಎರಡೂ ಕೂಡಿದ್ದು ಸುಮಾರು 400 ವರ್ಷದ ಹಿಂದೆ.

ಕೇಶ್ವಾಪುರ_ಬಾಯ್ಸ್

ಕಂಚಿ ರಾಜಕುಮಾರನಿಗೆ ಒಂದು ಸಾಲೂ ಇಲ್ವಾ ಸರ?

ಅಚ್ಚುಮೊಳೆ, ಗದಗ

ಹಾಕಿಸೋಣ. "ದಕ್ಷಿಣ ಭಾರತದ ರಾಜಕುಮಾರ ಅಂತ ಶಿಷ್ಯ ತಾನ್‌ಲಿನ್ ಬರೆದಿದ್ದಾನೆ." ಅಲ್ಲಿಗೆ ಪೂರ್ಣವಿರಾಮ. ವುಶು ತಮ್ಮಾ, ಗ್ಯಾದರಿಂಗ್ ಎಷ್ಟು ಗಂಟೆಗೆ ಅಂತ ಹಾಕು. ಕಾಗದ ತರೋಕೆ ಹುಬ್ಬಳ್ಳಿಗೆ ಬರೋದಿದೆ, ಅಜ್ಜಾರೂ ಬರ್ತಾರಾ?